ಸೋಮವಾರದ ಕಂಡಕ್ಟರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗ ಅವರಿಗೇನೂ ತೊಂದರೆಯಿಲ್ಲ, ತೀರಿಕೊಂಡಿದ್ದಾರೆ. ಆದರೆ ನಂಜನಗೂಡಿನ ಆ ಪಾತ್ರೆ ಕೋಣೆಯಲ್ಲಿ ಕೂತವರು ಹೊರಗೆ ಬಂದ ಮೇಲೆ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಬಾರದು ಎನ್ನುವುದು ಅಲ್ಲಿಯ ಕಟ್ಟುಪಾಡು. ಅದನ್ನು ಪಾಲಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರ ಬಸ್ಸಿಗೇ ನಾನು ಹತ್ತಿದರೂ ಮುಖಪರಿಚಯವೇ ಇಲ್ಲದವರ ಹಾಗೆ ಟಿಕೆಟ್ ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋಗಿಬಿಡುತ್ತಿದ್ದರು. ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದರು ಎಂದಷ್ಟು ಹೇಳಿದರೆ ಅವರು ಕೋಪಿಸಿಕೊಳ್ಳಲಾರರು. ನಮ್ಮ ಕಡೆ ಕಂಡಕ್ಟರುಗಳಿಗೇನು ಬರವೇ?

ಎತ್ತರದ ಆಳು, ಮೈಯಲ್ಲಿ ಮಾಂಸವೇ ಇಲ್ಲ. ಹೆಗಲ ಮೇಲೆ ಸದಾ ಒಂದು ಕೆಂಪಂಚಿನ ಟವೆಲ್ಲು. ಮಾತಾಡುವಾಗ ಎಡಗೈಯನ್ನು ಮೇಲೆತ್ತಿ ಇಲ್ಲದ ಕಂಬಿಯನ್ನು ಹಿಡಿದುಕೊಂಡಿರುತ್ತಿದ್ದರು. ಅವರಿಗೆ ಇದ್ದ ಆಸೆ ಒಂದೇ, ಕುಡಿಯದೆ ಸಾಯಬೇಕು ಎನ್ನುವುದು. ಬೇರೆಯವರು ಮನೆ ಕಟ್ಟಬೇಕು, ಮಗಳ ಮದುವೆ ಮಾಡಬೇಕು ಎನ್ನುವ ಹಾಗೆ ಅದನ್ನು ಹೇಳುತ್ತಿದ್ದರು.

"ನಾನು ಕುಡ್ತ ಬುಟ್ಟಿವ್ನೋ ಇಲ್ವೋ ಅನ್ನದು ನಾನು ಸತ್ತ ಮ್ಯಾಲೇ ಗೊತ್ತಾಗದು. ಅಲ್ಲೀಗಂಟ ಯಾರೂ ನನ್ನ ನಂಬಬ್ಯಾಡಿ" ಎಂದು ಪ್ರತಿ ಸಲ ಹೇಳುವರು. ಮೊದಮೊದಲು ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ನಂಬಿಕೆ ಬೇಕು ಎಂದು ಹುಡುಕಿಕೊಂಡು ಹೋದವಳಿಗೆ ನಂಬಬೇಡ ಎನ್ನುವ ಮನುಷ್ಯ ಸಿಕ್ಕಿದರೆ ಇನ್ನೇನಾಗುತ್ತದೆ?

ತೊಂಬತ್ತರ ದಶಕದ ಮಾತು. ನಾನು ನರಸೀಪುರದ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದೆ. ನಮ್ಮವರು ಲೈನ್‌ಮನ್. ಕುಡಿದು ಕಂಬ ಹತ್ತುವ ಗಂಡನನ್ನು ಕಟ್ಟಿಕೊಂಡವಳಿಗೆ ಊರಿನಲ್ಲಿ ಕರೆಂಟು ಹೋದಾಗ ಆಗುವುದು ಉಳಿದವರಿಗೆ ಆಗುವುದಿಲ್ಲ. ಫ್ಯಾನು ನಿಂತರೆ ಪೇಪರ್ ಓದುತ್ತಿದ್ದವರು ಗೊಣಗಿಕೊಂಡು ಅದೇ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಕೈಯಲ್ಲಿದ್ದ ಪುಸ್ತಕ ಹಾಗೇ ಹಿಡಿದುಕೊಂಡು ನಿಂತಿರುತ್ತಿದ್ದೆ. ಈಗ ಕಂಬದ ಮೇಲೆ ಯಾರಿದ್ದಾರೆ? ಇವರೇ ಇದ್ದರೆ ಬೆಳಿಗ್ಗೆ ಎಷ್ಟು ಪ್ಯಾಕೆಟ್ ಸಾರಾಯಿ ಹಾಕಿಕೊಂಡು ಹತ್ತಿದ್ದಾರೆ? ಕರೆಂಟು ಬಂದರೆ ಇನ್ನೊಂದು ಭಯ. ಇಳಿದ ಮೇಲೆ ಬಂತೋ, ಇಳಿಯುವ ಮೊದಲೇ ಬಂತೋ? ಸಂಜೆ ಅವರ ಸೈಕಲ್ಲಿನ ಸದ್ದು ಕೇಳುವವರೆಗೆ ನನಗೆ ಉಸಿರು ಪೂರ್ತಿಯಾಗಿ ಬರುತ್ತಿರಲಿಲ್ಲ. ಸದ್ದು ಕೇಳಿದ ಮೇಲೆ ಜಗಳ ಶುರುವಾಗುತ್ತಿತ್ತು.

ನಾನು ಮಾಡಿಸದ ಆಣೆಯಿಲ್ಲ. ದೇವರ ಮುಂದೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸಿದೆ, ನನ್ನ ತಲೆ ಮುಟ್ಟಿಸಿದೆ, ತಾಯಿತ ಕಟ್ಟಿಸಿದೆ. ಆಣೆ ಮಾಡಿದ ಸಂಜೆಯೇ ಅವರು ದುಃಖ ತಡೆಯಲಾರದೆ ಕುಡಿದು ಬಂದದ್ದೂ ಉಂಟು. ಹೀಗಿರುವಾಗ ಒಂದು ದಿನ ಗ್ರಂಥಾಲಯಕ್ಕೆ ಬಂದ ಪೇಪರಿನ ಮೂಲೆಯಲ್ಲಿ ಒಂದು ಸಣ್ಣ ಪ್ರಕಟಣೆ ಕಂಡಿತು. ಕುಡಿತ ಬಿಡಬೇಕೆನ್ನುವವರು ಸೋಮವಾರ ಸಂಜೆ ನಂಜನಗೂಡಿನ ಇಂಥ ಬೀದಿಯ ಛತ್ರದ ಹಿಂಭಾಗಕ್ಕೆ ಬರಬಹುದು ಎಂದಿತ್ತು, ಅಷ್ಟೆ. ಕರೆಯುವವರು ಯಾರು, ಏನು, ಒಂದೂ ಇಲ್ಲ. ನಮ್ಮ ಗ್ರಂಥಾಲಯಕ್ಕೆ ಸೋಮವಾರವೇ ವಾರದ ರಜ. ನಮ್ಮವರಿಗೆ ತೋರಿಸಿದರೆ "ನಾನೇನು ಕುಡುಕ್ನಾ?" ಎಂದು ತಟ್ಟೆ ತಳ್ಳಿ ಎದ್ದರು. ಅವರು ಬರದಿದ್ದರೆ ಬಿಡಲಿ, ನಾನೇ ಹೋಗಿ ನೋಡುತ್ತೇನೆ ಎಂದು ಬಸ್ಸು ಹತ್ತಿದೆ.

ಬೀದಿ ಸಿಕ್ಕಿತು, ಛತ್ರ ಸಿಗಲಿಲ್ಲ. ತೆಂಗಿನಕಾಯಿ ಮಾರುತ್ತಿದ್ದವನನ್ನು ಕೇಳಿದೆ: "ಇಲ್ಲಿ ಕುಡಿಯೋರೆಲ್ಲ ಸೋಮವಾರ ಸೇರ್ತಾರಂತಲ್ಲ, ಎಲ್ಲಪ್ಪಾ?" ಅವನು ನನ್ನನ್ನು ಕನಿಕರದಿಂದ ನೋಡಿ ಎದುರಿನ ಬ್ರಾಂದಿ ಅಂಗಡಿ ತೋರಿಸಿದ. "ಸೋಮವಾರ ಏನಕ್ಕಾ, ದಿನಾ ಸೇರ್ತಾರೆ. ಯಜಮಾನ್ರನ್ನ ಉಡುಕ್ತಿದ್ದೀರಾ?" ನನ್ನ ಮುಖ ಕೆಂಪಾಯಿತು. ಹಿಂತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗಲೇ ಛತ್ರದ ಹಿಂದಿನ ಓಣಿ ಕಣ್ಣಿಗೆ ಬಿತ್ತು.

ಮದುವೆಯ ಅಡಿಗೆ ಪಾತ್ರೆಗಳನ್ನು ತುಂಬಿಡುವ ಕೋಣೆ ಅದು. ಗೋಡೆಯುದ್ದಕ್ಕೂ ಕೊಳದಪ್ಪಲೆಗಳು, ಅನ್ನದ ಜರಡಿಗಳು. ಅವುಗಳ ಮುಂದೆ ಆಚೀಚೆ ಎರಡು ಉದ್ದ ಬೆಂಚು, ನಡುವೆ ಓಡಾಡಲು ದಾರಿ. ಬೆಂಚುಗಳ ತುಂಬ ಗಂಡಸರು. ನಾನು ಹೊಸ್ತಿಲಲ್ಲೇ ನಿಂತೆ. ಎಡಗೈ ಮೇಲೆತ್ತಿ ನಿಂತಿದ್ದ ಒಬ್ಬರು ನನ್ನ ಕಡೆ ತಿರುಗಿ, "ಬಾಗ್ಲಲ್ಲಿ ನಿಂತ್ಕಬ್ಯಾಡಿ ತಾಯಿ, ಒಳಕ್ ಓಗಿ" ಎಂದರು.

"ನಾನು ಕುಡಿಯೋದಿಲ್ಲ" ಎಂದೆ.

"ಇಲ್ಲಿಗೆ ಬಂದೋರೆಲ್ಲ ಮೊದ್ಲು ಅದನ್ನೇ ಯೋಳದು ಕಣವ್ವಾ. ಬನ್ನಿ, ಕುಂತ್ಕಳಿ."

ಬೆಂಚಿನವರೆಲ್ಲ ನಕ್ಕರು. ನನಗೆ ಅಳು ಬಂತು, ಕೋಪವೂ ಬಂತು. ಆದರೂ ಕೂತೆ. ನನ್ನ ಕಥೆಯೆಲ್ಲ ಹೇಳಿ, ಇವರನ್ನು ಹೇಗಾದರೂ ಮಾಡಿ ಕರೆದುಕೊಂಡು ಬಂದು ಬಿಡಿಸಿ ಎಂದೆ. ಅವರು ತಲೆಯಾಡಿಸಿದರು.

"ಎಳ್ಕಂಡು ಬಂದ್ರೆ ಬುಡೋರಲ್ಲ ನಾವು. ಮನೇಲಿ ಈ ಮಾತು ಎತ್ಲೂ ಬ್ಯಾಡಿ, ಆಣೆಗೀಣೆ ಇಡಿಸ್ಲೂ ಬ್ಯಾಡಿ. ನೀವು ವಾರವಾರ ಬತ್ತಾ ಇರಿ."

"ನಾನು ಬಂದ್ರೆ ಅವರು ಬಿಡ್ತಾರಾ?"

"ಗೊತ್ತಿಲ್ಲ. ಆದ್ರೆ ನೀವು ವಸಿ ಉಸ್ರು ಬುಡ್ತೀರಿ."

ಸೋಮವಾರವನ್ನೇ ಏಕೆ ಆರಿಸಿದರು ಎನ್ನುವುದು ಆಮೇಲೆ ತಿಳಿಯಿತು. ಸೋಮವಾರ ನಂಜುಂಡೇಶ್ವರನ ದಿನ. ಆವತ್ತು ನಂಜನಗೂಡಿಗೆ ಹೊರಟವರನ್ನು ಏಕೆ ಎಂದು ಯಾರೂ ಕೇಳುವುದಿಲ್ಲ. ಹುಲ್ಲಹಳ್ಳಿಯಿಂದ, ಬದನವಾಳಿನಿಂದ, ನರಸೀಪುರದಿಂದ ಬರುವವರೆಲ್ಲ ಮನೆಯಲ್ಲಿ ದೇವಸ್ಥಾನಕ್ಕೆ ಎಂದೇ ಹೇಳಿ ಬರುತ್ತಿದ್ದರು. ಕಂಡಕ್ಟರು ಮೊದಲೇ ಗುಡಿಗೆ ಹೋಗಿ ವಿಭೂತಿ ತಂದಿಟ್ಟುಕೊಂಡು, ಸಭೆ ಮುಗಿದ ಮೇಲೆ ಒಬ್ಬೊಬ್ಬರ ಹಣೆಗೂ ಎಳೆದು ಕಳಿಸುವರು. "ಓಗಿ, ಈಗ ನೀವು ದ್ಯಾವಸ್ತಾನಕ್ಕೇ ಬಂದಿದ್ದು. ಸುಳ್ಳಾಗ್ನಿಲ್ಲ." ಸ್ವಾಮಿಗೂ ಈ ಏರ್ಪಾಡು ಒಪ್ಪಿಗೆಯಾಗಿತ್ತೆಂದು ಕಾಣುತ್ತದೆ.

ಅಲ್ಲಿ ಭಾಷಣವಿರಲಿಲ್ಲ. ಒಬ್ಬೊಬ್ಬರೂ ತಮ್ಮದನ್ನು ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಇನ್ನು ಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಯಾರಾದರೂ ಆವೇಶದಿಂದ ಎದ್ದರೆ ಕಂಡಕ್ಟರು ಕೈ ತೋರಿಸಿ ಕೂರಿಸುವರು. "ಇವತ್ತಿನ ಟಿಕೆಟ್ ಇವತ್ಗೆ ಕಣಪ್ಪ. ನಾಳೀದು ನಾಳೆ ತಕಳಾನ." ಬಿಟ್ಟು ಎಷ್ಟು ವರ್ಷವಾಯಿತು ಎಂದು ಅವರನ್ನು ಕೇಳಿದರೆ, "ಲೆಕ್ಕ ಮಡಗಿಲ್ಲ, ಇವತ್ತು ಕುಡ್ದಿಲ್ಲ" ಎನ್ನುವರು. ಇವತ್ತು ಕುಡಿದಿಲ್ಲ ಎನ್ನುವುದನ್ನೂ ಅವರ ಮಾತಿನ ಮೇಲೆ ಬಿಟ್ಟವರಲ್ಲ ಅವರ ಹೆಂಡತಿ. ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಆಕೆ ಹೊಸ್ತಿಲಲ್ಲೇ ನಿಲ್ಲಿಸಿ, "ಊದಿ" ಎನ್ನುತ್ತಿದ್ದರಂತೆ. ಇವರು ಬಾಯಿ ತೆರೆದು ಊದಬೇಕು, ಆಕೆ ಮೂಸಿ ನೋಡಿ ದಾರಿ ಬಿಡಬೇಕು. ಬಿಟ್ಟ ಎಷ್ಟೋ ವರ್ಷಗಳ ಮೇಲೂ ಹೀಗೇ. "ನಾನೇ ಯೋಳಿವ್ನಿ, ನಂಬಬ್ಯಾಡ, ದಿನಾ ಮೂಸು ಅಂತ" ಎಂದು ಅವರು ಇದನ್ನು ನಗುತ್ತಲೇ ಹೇಳುವರು. ಕೇಳುವ ನಮಗೆ ನಗು ಬರುತ್ತಿರಲಿಲ್ಲ.

ನಾನು ವಾರವಾರ ನಂಜನಗೂಡಿಗೆ ಹೋಗುವುದು ನಮ್ಮವರ ಕಿವಿಗೆ ಬೇರೆ ರೀತಿಯಲ್ಲಿ ಬಿತ್ತು. ಯಾರೋ ಪುಣ್ಯಾತ್ಮರು, "ನಿನ್ ಎಂಡ್ತಿ ಗುಡಿಗೋಗಲ್ಲ ಕಣ್ಲಾ, ಛತ್ರದ ಇಂದೆ ಗಂಡಸ್ರ ಜೊತೆ ಕುಂತ್ಕತ್ತಾಳೆ" ಎಂದು ಊದಿದ್ದರು. ಒಂದು ಸೋಮವಾರ ನಾವೆಲ್ಲ ಕೂತಿರುವಾಗ ಓಣಿಯಲ್ಲಿ ಏನೋ ಬಿದ್ದ ಸದ್ದಾಯಿತು. ನೋಡಿದರೆ ನಮ್ಮವರು. ಕಣ್ಣು ಕೆಂಪಗಿದೆ, ಬಾಗಿಲ ಚೌಕಟ್ಟು ಹಿಡಿದು ತೂಗುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಕೆಲಸದ ಕಟಿಂಗ್ ಪ್ಲೇಯರ್.

"ಯಾವನ್ಲಾ ಅವ್ನು, ನನ್ ಎಂಡ್ರುನ ಇಲ್ಲಿಗೆ ಕರುಸ್ಕಳಾನು?"

ಬೆಂಚಿನಲ್ಲಿದ್ದ ಇಬ್ಬರು ಎದ್ದರು. ಕಂಡಕ್ಟರು ಅವರನ್ನು ಕೂರಿ ಎಂದು ಸನ್ನೆ ಮಾಡಿ, ತಾವು ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಆಮೇಲೆ ನಮ್ಮವರನ್ನು ನೋಡಿ, ಎಲ್ಲರಿಗೂ ಹೇಳುವ ಅದೇ ದನಿಯಲ್ಲಿ, "ಬಾಗ್ಲಲ್ಲಿ ನಿಂತ್ಕಬ್ಯಾಡಿ ಸಾ, ಒಳಕ್ ಓಗಿ. ವಸಿ ಜರುಗ್ರಪ್ಪ" ಎಂದರು. ಬೆಂಚಿಗೆ ಬೆಂಚೇ ಜರುಗಿ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ನಮ್ಮವರು ಕದಲಲಿಲ್ಲ. ಕಂಡಕ್ಟರು ಅವರ ಕಡೆ ಮತ್ತೆ ನೋಡದೆ, ಅರ್ಧಕ್ಕೆ ನಿಂತಿದ್ದ ತಮ್ಮ ಮಾತನ್ನು ಮುಂದುವರಿಸಿದರು.

"ಅವತ್ತು ಬನ್ನೂರಲ್ಲಿ ಪ್ಯಾಕೆಟ್ ಆಕಂಡೇ ಬಸ್ ಅತ್ತಿದ್ದೆ. ಸಂತೆ ದಿನ, ವಿಪರೀತ ಜನ. ಒಬ್ಬವ್ವ ಒಂದು ಕಾಲ ಮೆಟ್ಲ ಮ್ಯಾಲೆ ಮಡಗಿತ್ತು, ಇನ್ನೊಂದು ನೆಲದ್ ಮ್ಯಾಲಿತ್ತು. ನಾನು ನೋಡ್ನಿಲ್ಲ. ಸೀಟಿ ಊದ್ಬುಟ್ಟೆ. ಕುಡ್ದಿದ್ದೋನು ನಾನು, ಬಿದ್ದಿದ್ದು ಆಯಮ್ಮ. ಆ ಕಾಲು ಇವತ್ತೂ ನೆಟ್ಗಿಲ್ಲ. ಬನ್ನೂರು ಸಂತೇಲಿ ಕುಂಟ್ಕಂಡು ಓಡಾಡದ್ನ ಬಸ್ನಲ್ಲಿ ನಿಂತು ನೋಡ್ತೀನಿ."

ಬಾಗಿಲಲ್ಲಿ ಯಾರೇ ನಿಂತರೂ ಅವರು ಏಕೆ ಹಾಗೆ ಚಡಪಡಿಸುತ್ತಾರೆ ಎಂಬುದು ನನಗೆ ತಿಳಿದದ್ದು ಆಗಲೇ. ಸಸ್ಪೆಂಡಾಗಿ, ಕುಡಿತ ಬಿಟ್ಟು, ಮತ್ತೆ ಕೆಲಸಕ್ಕೆ ಸೇರಿದ ಮೇಲೆ ಅವರು ಸೀಟಿ ಬಾಯಿಗಿಟ್ಟಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಖುದ್ದಾಗಿ ಬಾಗಿಲಿಗೆ ಬಂದು, ಮೆಟ್ಟಿಲು ನೋಡಿ, ಆಮೇಲೆ ಬಾಯಲ್ಲೇ "ರೈಟ್" ಎನ್ನುತ್ತಿದ್ದರು. ಇದರಿಂದ ಬಸ್ಸು ತಡವಾಗುತ್ತದೆಂದು ಡ್ರೈವರುಗಳು ಬೈದುಕೊಳ್ಳುತ್ತಿದ್ದರಂತೆ.

"ನಾನು ಲೈನ್‌ಮನ್ನು" ಎಂದರು ನಮ್ಮವರು, ನಿಂತಲ್ಲಿಂದಲೇ. "ಬಿದ್ರೆ ನಾನೊಬ್ನೇ ಬೀಳದು. ಇನ್ಯಾರ್ನೂ ಬೀಳ್ಸಲ್ಲ."

"ಅಲ್ಲಿ ಕುಂತವ್ರಲ್ಲ" ಎಂದು ಕಂಡಕ್ಟರು ನನ್ನ ಕಡೆ ಗದ್ದ ತೋರಿಸಿದರು, "ಆಯಮ್ಮ ಕರೆಂಟ್ ಓದಾಗ್ಲೆಲ್ಲ ಬೀಳ್ತಾವ್ರೆ ಕಣ್ಲಾ."

ಕರೆಂಟಿನ ಆ ಭಯವನ್ನು ನಾನು ಆ ಕೋಣೆಯಲ್ಲಿ ಹೇಳಿಕೊಂಡಿದ್ದೆ, ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಮ್ಮವರು ನನ್ನ ಮುಖ ನೋಡಿದರು. ಎಷ್ಟೋ ಹೊತ್ತು ನೋಡಿದರು ಅನ್ನಿಸಿತು. ಆಮೇಲೆ ಬಂದು, ಜರುಗಿಸಿಟ್ಟಿದ್ದ ಜಾಗದಲ್ಲಿ ಕೂತರು. ಪ್ಲೇಯರನ್ನು ಕಂಡಕ್ಟರು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ಒಂದು ಕೊಳದಪ್ಪಲೆಯೊಳಗೆ ಇಟ್ಟರು.

ಮರುದಿನವೇ ನಮ್ಮವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಲು ಕಂಡಕ್ಟರು ತಾವೇ ಬಂದರು. ಇದ್ದಕ್ಕಿದ್ದಂತೆ ಬಿಟ್ಟರೆ ಫಿಟ್ಸ್ ಬರುತ್ತದೆ, ಡಾಕ್ಟರ ಕೈಯಲ್ಲೇ ಬಿಡಬೇಕು ಎನ್ನುವುದರಲ್ಲಿ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಸೋಮವಾರ ಹೋಗತೊಡಗಿದೆವು. ನಮ್ಮವರು ಮಾತು ಕಡಿಮೆ ಮಾಡಿದರು. ಊಟಕ್ಕೆ ಕೂತರೆ ಲೋಟ ಹಿಡಿದ ಕೈ ನಡುಗುವುದನ್ನು ನಾನು ನೋಡದ ಹಾಗೆ ನೋಡುತ್ತಿದ್ದೆ. ಹೀಗೇ ಪಿತೃಪಕ್ಷ ಬಂತು. ನನಗೆ ನಿಜವಾದ ದಿಗಿಲು ಹುಟ್ಟಿದ್ದು ಆಗ.

ನಮ್ಮವರ ಊರು ಬನ್ನೂರಿನ ಪಕ್ಕದ ಒಂದು ಹಳ್ಳಿ. ಅಲ್ಲಿ ಪಕ್ಷದ ಹಬ್ಬಕ್ಕೆ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ, ಕಜ್ಜಾಯ, ಮಾಂಸದ ಸಾರು, ಜೊತೆಗೆ ಹೋದವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಇರಬೇಕು. ಎಡೆ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗುವವರೆಗೆ ಜಗುಲಿಯಲ್ಲಿ ಸದ್ದಿಲ್ಲದೆ ಕಾಯಬೇಕು. ಆಮೇಲೆ ಬಾಗಿಲು ತೆರೆದು, ಅವರು ಉಂಡುಬಿಟ್ಟದ್ದನ್ನು ಮಕ್ಕಳು ಪ್ರಸಾದವೆಂದು ತೆಗೆದುಕೊಳ್ಳಬೇಕು. ನಮ್ಮ ಮಾವನಿಗೆ ಇಷ್ಟವಿದ್ದದ್ದು ಬ್ರಾಂದಿ. ಕುಡಿದು ನಾಲೆಗೆ ಬಿದ್ದು ಹೋದವರು, ಕಾಲು ಜಾರಿ ಬಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಪ್ರತಿ ವರ್ಷ ಅವರ ಎಡೆಯ ಬ್ರಾಂದಿ ಲೋಟಕ್ಕೆ ಮೊದಲು ಬಾಯಿಡಬೇಕಾದವರು ಹಿರಿಯ ಮಗ, ಎಂದರೆ ನಮ್ಮವರು.

ಈ ವರ್ಷ ಬ್ರಾಂದಿ ಬೇಡ ಎಂದು ಅತ್ತೆಯ ಹತ್ತಿರ ಜಗಳವಾಡುತ್ತೇನೆ ಎಂದೆ. ಕಂಡಕ್ಟರು ಒಪ್ಪಲಿಲ್ಲ. "ಗಂಡನ್ ಎಡೆಗೆ ಅಡ್ಡ ಬಂದ್ರೆ ಯಾವ ಎಂಗ್ಸು ಸುಮ್ಕಿದ್ದದು? ಅದು ಆಯಮ್ಮನ್ ದುಃಖ ಕಣವ್ವಾ, ಮುಟ್ಟಬ್ಯಾಡಿ. ನಾನೂ ಬತ್ತೀನಿ." ಆಮೇಲೆ ನಮ್ಮವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿಕೊಟ್ಟರು.

ಹೇಳಿದ ಹಾಗೆ ಬಂದರು. ಬಿಳಿ ಶರಟು, ಹೆಗಲ ಮೇಲೆ ಅದೇ ಟವೆಲ್ಲು. ಗೆಳೆಯರು ಎಂದು ಅತ್ತೆಗೆ ಪರಿಚಯ ಮಾಡಿದೆವು. ಸಂಜೆ ಎಡೆ ಇಟ್ಟು ಬಾಗಿಲು ಮುಚ್ಚಿದರು. ಜಗುಲಿಯ ಮೇಲೆ ಹದಿನೈದಿಪ್ಪತ್ತು ಜನ. ನಮ್ಮವರ ಕಣ್ಣು ಮುಚ್ಚಿದ ಬಾಗಿಲ ಮೇಲೆಯೇ ಇತ್ತು. ಹಣೆಯ ಮೇಲೆ ಬೆವರು. ಕಂಡಕ್ಟರು ಅವರಿಗೆ ತೀರ ಒತ್ತಿಕೊಂಡು ಕೂತಿದ್ದರು. ನಾನು ನಂಜುಂಡನನ್ನು ನೆನೆದೆ, ನಮ್ಮ ಮಾವನನ್ನೂ ನೆನೆದೆ. ನೀವು ಕುಡಿದು ಹೋದದ್ದು ಸಾಕು, ಇವರನ್ನು ಕರೆಯಬೇಡಿ ಎಂದು ಬೇಡಿಕೊಂಡೆ.

ಬಾಗಿಲು ತೆರೆಯಿತು. ಅತ್ತೆ ಒಳಗೆ ಹೋಗಿ ಲೋಟ ತಂದು ಮಗನ ಮುಂದೆ ಹಿಡಿದರು. "ತಕಳ್ಲಾ, ನಿಮ್ಮಪ್ಪಂದು."

ನಮ್ಮವರು ಎರಡೂ ಕೈಯಿಂದ ಈಸಿಕೊಂಡರು. ಲೋಟ ಮೇಲೆ ಹೋಯಿತು. ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ಅದನ್ನು ಕಿತ್ತುಕೊಳ್ಳಬೇಕೆಂದು ಏಳಲು ಹೋದೆ, ಕಂಡಕ್ಟರು ನನ್ನ ಕಡೆ ನೋಡದೆಯೇ ಕೈ ಅಡ್ಡ ಮಾಡಿದರು. ನಮ್ಮವರು ಲೋಟವನ್ನು ಇನ್ನೂ ಮೇಲೆತ್ತಿ ಒಂದು ಕಣ್ಣಿಗೆ ಒತ್ತಿಕೊಂಡರು, ಇನ್ನೊಂದು ಕಣ್ಣಿಗೆ ಒತ್ತಿಕೊಂಡರು, ತಾಯಿಯ ಕೈಗೆ ವಾಪಸು ಕೊಟ್ಟರು.

"ಕಣ್ಗೊತ್ಕಂಡ್ರೂ ಪ್ರಸಾದ್ವೇ ಅಲ್ವೇನವ್ವಾ?" ಎಂದು ಕಂಡಕ್ಟರು ಅತ್ತೆಯನ್ನು ಕೇಳಿದರು. ಅತ್ತೆ ಮಗನ ಮುಖ ನೋಡಿದರು, ಲೋಟ ನೋಡಿದರು. ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ಸುರಿದು ಬಂದರು.

ಆದರೆ ಕೈ ನಡುಗಿ ಬ್ರಾಂದಿ ನಮ್ಮವರ ಬೆರಳುಗಳ ಮೇಲೆ ಚೆಲ್ಲಿತ್ತು. ಅವರು ಆ ಒದ್ದೆ ಬೆರಳುಗಳನ್ನೇ ನೋಡುತ್ತ ಕೂತುಬಿಟ್ಟಿದ್ದರು. ಕೈ ಮೆಲ್ಲಗೆ ಮೇಲೇಳುತ್ತಿತ್ತು. ಕಂಡಕ್ಟರು ಹೆಗಲ ಮೇಲಿನ ಟವೆಲ್ಲು ತೆಗೆದು, ಆ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒರೆಸಿದರು. ಉಗುರಿನ ಸಂದಿಯನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಕಂಡಕ್ಟರು ಜಗುಲಿಯಲ್ಲಿಲ್ಲ. ಹುಡುಕಿಕೊಂಡು ಹೋದೆ. ಕೊಟ್ಟಿಗೆಯ ಆಚೆ ಬೋರಿಂಗಿನ ಹತ್ತಿರ ಕೂತು ಮುಖಕ್ಕೆ, ಮೂಗಿಗೆ ನೀರು ಎರಚಿಕೊಳ್ಳುತ್ತಿದ್ದರು. ಶರಟೆಲ್ಲ ಒದ್ದೆ.

"ಏನಾಯ್ತಣ್ಣಾ?"

"ನಾನು ಬುಟ್ಟು ಬಾಳ ವರ್ಸಾಯ್ತು ಅಂತ ನಿಮ್ಗೊತ್ತು, ನಂಗೊತ್ತು. ಮೂಗಿಗೆ ಗೊತ್ತಿಲ್ಲ ಕಣವ್ವಾ" ಎಂದರು. ಟವೆಲ್ಲನ್ನು ನನ್ನ ಕಡೆ ಎಸೆದರು. "ಇದ ಇಲ್ಲೇ ಮಡೀಕಳಿ. ಮನ್ಗೆ ತಕಂಡೋದ್ರೆ ಅವಳು ಮೂಸ್ತಾಳೆ. ಪಾಪ, ಎದುರ್ಕತ್ತಾಳೆ."

ಅವತ್ತಿನವರೆಗೆ ನಾನು ಅವರನ್ನು ದಡ ಮುಟ್ಟಿದವರೆಂದು ತಿಳಿದಿದ್ದೆ. ನಮ್ಮವರ ಜೊತೆ ಆ ಮುಚ್ಚಿದ ಬಾಗಿಲ ಮುಂದೆ ಅವರೂ ಒದ್ದಾಡಿಕೊಂಡೇ ಕೂತಿದ್ದರು ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ಇಂಥ ಮನುಷ್ಯನನ್ನು ಆ ವಾಸನೆಯ ಮುಂದೆ ಕರೆತಂದೆನಲ್ಲ ಎಂದು ಸಂಕಟವಾಯಿತು, ಇವರು ಬರದಿದ್ದರೆ ಏನಾಗುತ್ತಿತ್ತು ಎಂದು ಭಯವೂ ಆಯಿತು. ಟವೆಲ್ಲನ್ನು ಒಗೆದು ಇಟ್ಟೆ. ಅವರು ಹೊಸದು ಹೊದ್ದು ಓಡಾಡಿದರು, ಇದನ್ನು ಕೇಳಲಿಲ್ಲ.

ನಮ್ಮವರು ಮಧ್ಯೆ ಒಮ್ಮೆ ಜಾರಿದರು. ಮನೆಗೂ ಬಾರದೆ, ಕೆಲಸಕ್ಕೂ ಹೋಗದೆ ತಿರುಗಿ, ಒಂದು ಸೋಮವಾರ ಗಡ್ಡ ಬಿಟ್ಟುಕೊಂಡು ಪಾತ್ರೆ ಕೋಣೆಯ ಹೊಸ್ತಿಲಲ್ಲಿ ತಲೆತಗ್ಗಿಸಿ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರು, "ಬಾಗ್ಲಲ್ಲಿ ನಿಂತ್ಕಬ್ಯಾಡ ಕಣ್ಲಾ, ಒಳಕ್ ಓಗು" ಎಂದರು. ಬೆಂಚು ಜರುಗಿತು. ಆಮೇಲೆ ಅವರು ಕುಡಿದು ಕಂಬ ಹತ್ತಿಲ್ಲ. ಕರೆಂಟು ಹೋದಾಗ ನನ್ನ ಕೈ ಇವತ್ತಿಗೂ ಒಂದು ಗಳಿಗೆ ನಿಲ್ಲುತ್ತದೆ, ಅದು ಬೇರೆ ಮಾತು.

ಎರಡು ಸಾವಿರದ ಈಚೆಗೆ ಕಂಡಕ್ಟರು ನಿವೃತ್ತರಾದರು. ಒಂದೆರಡು ವರ್ಷದಲ್ಲೇ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಬೀಡಿಯ ಫಲ. "ಒಂದನ್ನ ಬುಟ್ಟೆ, ಇನ್ನೊಂದ ಮರ್ತಿದ್ದೆ ನೋಡಿ" ಎಂದು ಪಿಸುಗುಟ್ಟಿದರು. ನೋಡಲು ಹೋದಾಗ ದನಿಯೇ ಇರಲಿಲ್ಲ. ಎಡಗೈಯಿಂದ ಆಸ್ಪತ್ರೆ ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದರು. ನೋವು ವಿಪರೀತ. ಅವರ ಅಣ್ಣ ಹುಲ್ಲಹಳ್ಳಿಯ ಕಡೆಯ ಊರಿನಿಂದ ಬಂದು ತಮ್ಮನ ಕಾಲು ಒತ್ತುತ್ತ ಕೂತಿರುತ್ತಿದ್ದರು. ಆ ಸಂಕಟ ನೋಡಲಾರದೆ ಆತ ಒಂದು ದಿನ ಬ್ರಾಂದಿ ತಂದು ಚಮಚದಲ್ಲಿ ಹಿಡಿದರು. "ಒಂಚೂರು ತಕಳ್ಲಾ, ನೋವು ಗೊತ್ತಾಗಲ್ಲ. ಈಗಿನ್ನೇನ್ಲಾ?" ಆಗ ಅಲ್ಲಿ ನಾನಿದ್ದೆ, ಅವರ ಹೆಂಡತಿಯಿದ್ದರು. ಆಕೆ ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಸೆರಗು ಬಾಯಿಗೆ ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದರು. ಕಂಡಕ್ಟರು ಚಮಚದ ಕಡೆ ನೋಡಿದರು. ಮೂಗಿನ ಹೊಳ್ಳೆ ಅರಳಿದ್ದು ನನಗೆ ಕಂಡಿತು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅಣ್ಣ ಚಮಚ ಹಿಡಿದುಕೊಂಡೇ ಅತ್ತರು.

ಆ ವಾರವೇ ಅವರು ಹೋದರು. ಮಣ್ಣಿಗೆ ಸೋಮವಾರದವರೆಲ್ಲ ಬಂದಿದ್ದರು. ಯಾರು ನೀವು ಎಂದು ನೆಂಟರು ಕೇಳಿದರೆ, "ಅವರ ಬಸ್ಸಿನೋರು" ಎಂದೆವು.

ಪಿತೃಪಕ್ಷಕ್ಕೆ ಅವರ ಹೆಸರಿನಲ್ಲಿ ಮೊದಲ ಎಡೆ. ಅವರ ಹೆಂಡತಿ ಸೋಮವಾರದ ನಮ್ಮನ್ನೆಲ್ಲ ಬರಹೇಳಿದ್ದರು. ಹೋಗುವಾಗ ಆ ಕೆಂಪಂಚಿನ ಟವೆಲ್ಲನ್ನು ಮಡಿಸಿ ತೆಗೆದುಕೊಂಡು ಹೋದೆ. ಎಡೆಯ ಮುಂದೆ ಹೊಸ ಪಂಚೆಯ ಮೇಲೆ ಅದನ್ನೂ ಇಟ್ಟರು. ಕಜ್ಜಾಯ, ಸಾರು, ಮುದ್ದೆ, ಲೋಟದ ತುಂಬ ಟೀ. ಎಲ್ಲ ಆದ ಮೇಲೆ ಅಣ್ಣ ಪಂಚೆಯ ಮಡಿಕೆಯಿಂದ ಒಂದು ಬ್ರಾಂದಿ ಬಾಟ್ಲಿ ತೆಗೆದರು.

ನಮ್ಮಲ್ಲಿ ಒಬ್ಬರು ತಡೆಯಲಾರದೆ, "ಅದು ಬ್ಯಾಡಿ ಯಜಮಾನ್ರೇ, ಅವ್ರು ಬುಟ್ಟಿದ್ರು" ಎಂದರು.

"ಬುಟ್ಟಿದ್ದ, ಗೊತ್ತು. ಬದುಕಿದ್ದಾಗ ನನ್ ಕೈಯಿಂದ ಈಸ್ಕಳ್ನಿಲ್ಲ. ಈಗ್ಲಾರ ಕುಡೀಲಿ. ಇನ್ ಯಾರ ಎದ್ರಿಕೆ ಅವ್ನಿಗೆ?" ಅಣ್ಣನ ದನಿ ಒಡೆದಿತ್ತು. ಹಾಗೆನ್ನುತ್ತ ಮುಚ್ಚಳ ತಿರುಗಿಸಲು ಹೋದರು.

ನಮ್ಮವರು ನನ್ನ ಮುಂಗೈ ಬಿಗಿಯಾಗಿ ಹಿಡಿದಿದ್ದರು. ಇಷ್ಟು ವರ್ಷ ಆ ಮನುಷ್ಯ ಕಾಪಾಡಿಕೊಂಡು ಬಂದದ್ದನ್ನು ಸತ್ತ ಮೇಲೆ ಅವರದೇ ಮನೆಯವರು ಮುರಿಯುತ್ತಾರಲ್ಲ ಎಂದು ನನಗೆ ಕೂಗಿಬಿಡುವಷ್ಟು ಕೋಪ ಬಂತು. ಅಷ್ಟರಲ್ಲಿ ಅವರ ಹೆಂಡತಿ ಮುಂದೆ ಬಂದರು.

"ಇಡಿ ಬಾವಾ, ನಿಮ್ ಆಸೆ. ಮುಚ್ಳ ಮಾತ್ರ ತಗೀಬ್ಯಾಡಿ. ಬೇಕಾದ್ರೆ ಅವರೇ ತಕ್ಕತ್ತಾರೆ."

ಬಾಟ್ಲಿಯನ್ನು ಟೀ ಲೋಟದ ಪಕ್ಕದಲ್ಲಿಟ್ಟರು. ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಜಗುಲಿ ಚಿಕ್ಕದು, ನಾವು ಜರುಗಿ ಜರುಗಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು. ಸತ್ತವರು ಬಂದು ಉಣ್ಣುತ್ತಾರೆ ಎನ್ನುವುದನ್ನು ನಾನು ಅಷ್ಟಾಗಿ ನಂಬಿದವಳಲ್ಲ. ಅವತ್ತು ಮಾತ್ರ ನಂಬಿದೆ. ಆ ಕೋಣೆಯೊಳಗೆ ಅವರು ಒಬ್ಬರೇ ಆ ಬಾಟ್ಲಿಯ ಮುಂದೆ ಕೂತಿದ್ದಾರೆ, ಬೆರಳು ಒರೆಸಲು ಪಕ್ಕದಲ್ಲಿ ಯಾರೂ ಇಲ್ಲ ಎಂದು ಹೆದರಿಕೆಯಾಯಿತು. ನನ್ನ ಪಕ್ಕದಲ್ಲಿ ನಮ್ಮವರ ತುಟಿ ಅಲುಗುತ್ತಿತ್ತು. ಆಕೆ ಮಾತ್ರ ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿದ್ದರು.

ಹೊತ್ತಾಯಿತು ಎಂದು ಅಣ್ಣ ಹೇಳಿದ ಮೇಲೆ ಬಾಗಿಲು ತೆರೆದು ಆಕೆಯೇ ಮೊದಲು ಒಳಗೆ ಹೋದರು. ಹಿಂದೆ ನಾವು ನುಗ್ಗಿದೆವು. ಆಕೆ ಎಡೆಯ ಮುಂದೆ ಕೂತು ಬಾಟ್ಲಿಯನ್ನು ಕೈಗೆತ್ತಿಕೊಂಡರು. ಮುಚ್ಚಳದ ಸೀಲನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದರು. ಆಮೇಲೆ, ದಿನಾ ಸಂಜೆ ಹೊಸ್ತಿಲಲ್ಲಿ ಮಾಡುತ್ತಿದ್ದ ಹಾಗೆ, ಅದನ್ನು ಮೂಗಿನ ಹತ್ತಿರ ತಂದು ಮೂಸಿದರು.

ತಿರುಗಿ ಬಾಟ್ಲಿಯನ್ನು ಮೇಲೆತ್ತಿ, ಜಗುಲಿಯಲ್ಲಿ ನಿಂತ ಕೊನೆಯವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ನೋಡಿ ಬಾವಾ, ಮುಟ್ಟಿಲ್ಲ."